ಕಸ್ಟಮರ್ ತಪ್ಪು ವಿಳಾಸ ಕೊಟ್ಟು ಪಾರ್ಸೆಲ್ ವಾಪಸ್ ಬಂದರೆ ಖರ್ಚು ಯಾರ ತಲೆ ಮೇಲೆ?

ಪ್ರಶ್ನೆ: ನಾನು ಶಿಡ್ಲಘಟ್ಟದವಳು. ಮನೆಯಿಂದಲೇ ವಾಟ್ಸಾಪ್, ಇನ್‌ಸ್ಟಾಗ್ರಾಂನಲ್ಲಿ ಸೀರೆ ಮಾರುತ್ತೇನೆ. ತುಮಕೂರಿನವರೊಬ್ಬರು 3,200 ರೂಪಾಯಿಯ ಸೀರೆ ತಗೊಂಡರು. ಅವರು ಹೇಳಿದ ಬಣ್ಣದಲ್ಲಿ ಕುಚ್ಚು ಹಾಕಿಸಿಕೊಟ್ಟೆ, ಅದಕ್ಕೆ 350. ಕೊರಿಯರ್ 120. ಒಟ್ಟು 3,670 ಮೊದಲೇ ಹಾಕಿದ್ದರು. ಅವರು ಟೈಪ್ ಮಾಡಿ ಕಳಿಸಿದ ವಿಳಾಸದಲ್ಲಿ 'ಜಯನಗರ ಪೂರ್ವ, ತುಮಕೂರು' ಅಂತಿತ್ತು, ಆದರೆ ಪಿನ್ 560011. ನಾನು ಇದ್ದ ಹಾಗೇ ಲೇಬಲ್ ಮಾಡಿಸಿದೆ. ಪಾರ್ಸೆಲ್ ಬೆಂಗಳೂರಿಗೆ ಹೋಗಿ, ಅಲ್ಲಿ 'ವಿಳಾಸ ಸರಿಯಿಲ್ಲ' ಅಂತಾಗಿ, ಮೂರು ವಾರ ಕಳೆದು ನಮ್ಮ ಮನೆಗೇ ಬಂದಿದೆ. ವಾಪಸ್ ತಂದಿದ್ದಕ್ಕೆ 110 ಹಿಡಿದುಕೊಂಡಿದ್ದಾರೆ. ಮಧ್ಯದಲ್ಲಿ ಕೊರಿಯರ್‌ನವರ ಒಂದು ಮೆಸೇಜ್ ಬಂದಿತ್ತು, ನಾನು ಗಮನಿಸಿರಲಿಲ್ಲ. ಈಗ ಅವರು 'ಪೂರ್ತಿ ದುಡ್ಡು ಕೊಡಿ, ಇಲ್ಲದಿದ್ದರೆ ಕನ್ಸ್ಯೂಮರ್ ಕೋರ್ಟ್‌ಗೆ ಹೋಗ್ತೀನಿ' ಅನ್ನುತ್ತಿದ್ದಾರೆ. ಪಾರ್ಸೆಲ್ ಇನ್ನೂ ಬಿಚ್ಚಿಲ್ಲ. ಕೊರಿಯರ್ ದುಡ್ಡು ಮುರಿದುಕೊಳ್ಳಬಹುದಾ? ಮುಂದೆ ಹೀಗಾಗದಿರೋಕೆ ಏನು ಮಾಡಬೇಕು?

ಉತ್ತರ: ಮುರಿದುಕೊಳ್ಳಬಹುದು ಮೇಡಂ. ತಪ್ಪು ಪಿನ್ ಕೊಟ್ಟವರು ಅವರು, ಅದು ಅವರದೇ ಮೆಸೇಜಿನಲ್ಲಿ ಬರಹದಲ್ಲಿದೆ. ಆದರೆ ನಿಮ್ಮ ಜಾಗದಲ್ಲಿ ನಾನಿದ್ದರೆ ಪೂರ್ತಿ ಮುರಿದುಕೊಳ್ಳುತ್ತಿರಲಿಲ್ಲ. ಹೋಗುವಾಗಿನ 120 ಅವರ ಲೆಕ್ಕಕ್ಕೆ, ವಾಪಸ್ ಬಂದ 110 ನನ್ನ ಲೆಕ್ಕಕ್ಕೆ ಹಾಕುತ್ತಿದ್ದೆ. ಯಾಕೆ ಅಂತ ಮುಂದೆ ಹೇಳುತ್ತೇನೆ. ನಾನು ತುಮಕೂರಿನಲ್ಲಿ ಕೊರಿಯರ್ ಹಬ್, ಅಂದರೆ ಪಾರ್ಸೆಲ್ ವಿಂಗಡಿಸುವ ಕೇಂದ್ರದ ಕೆಲಸ ನೋಡಿದವನು, ಈಗ ನಿಮ್ಮಂಥ ಮನೆ ವ್ಯಾಪಾರದವರ ಪಾರ್ಸೆಲ್ ಲೆಕ್ಕ ನೋಡಿಕೊಡುತ್ತೇನೆ. ಜಗಳ ಹೆಚ್ಚಾಗಿ ಹುಟ್ಟೋದು ದುಡ್ಡಿನಿಂದ ಅಲ್ಲ, ಯಾರ ಕೈಯಲ್ಲೂ ಸರಿಯಾದ ಲೆಕ್ಕ ಇಲ್ಲದೇ ಇರೋದರಿಂದ.

ಮೊದಲು ಆ ಪಾರ್ಸೆಲ್ ವಿಷಯ. ಇನ್ನೂ ಬಿಚ್ಚಿಲ್ಲ ಅಂದಿರಲ್ಲ, ಅದು ಒಳ್ಳೆಯದಾಯಿತು. ಹಾಗೇ ಮೇಜಿನ ಮೇಲಿಟ್ಟು ಮೊಬೈಲ್‌ನಲ್ಲಿ ವಿಡಿಯೋ ಶುರು ಮಾಡಿ. ನಾಲ್ಕೂ ಬದಿ ತೋರಿಸಿ, ಲೇಬಲ್ ಓದೋಕೆ ಬರುವಷ್ಟು ಹತ್ತಿರ ಹಿಡಿಯಿರಿ, ಟೇಪ್ ಮೇಲೆ ಟೇಪ್ ಅಂಟಿಸಿದ್ದಾರಾ ನೋಡಿ. ಅಡುಗೆಮನೆಯ ತೂಕದ ಮಷಿನ್ ಇದ್ದರೆ ತೂಕ ಹಾಕಿ. ಕಳಿಸುವಾಗಿನ ರಸೀದಿಯಲ್ಲಿ ತೂಕ ಇರುತ್ತೆ, ಎರಡೂ ತಾಳೆಯಾಗಬೇಕು. ಆಮೇಲೆ ವಿಡಿಯೋ ನಿಲ್ಲಿಸದೇ ಕತ್ತರಿಸಿ. ಮೂರು ವಾರ ಗೋಣಿಚೀಲಗಳಲ್ಲಿ, ಬೇರೆ ಭಾರದ ಕೆಳಗೆ ಬಿದ್ದು ಬಂದ ಸೀರೆಗೆ ಏನಾಗಿರುತ್ತೆ ಅಂತ ನನಗೆ ಗೊತ್ತು: ಜರಿ ಅಂಚಿನ ಮಡಿಕೆ ಗೆರೆ ಗಟ್ಟಿಯಾಗಿ ಕೂತಿರುತ್ತೆ, ಕುಚ್ಚಿನ ಎಳೆಗಳು ಒಂದಕ್ಕೊಂದು ಸುತ್ತಿಕೊಂಡಿರುತ್ತವೆ, ಕವರ್ ಮೂಲೆ ಹರಿದಿದ್ದರೆ ಅಲ್ಲಿಂದ ಧೂಳು ಒಳಗೆ ಹೋಗಿ ಸೆರಗಿನ ಹೊರ ಮಡಿಕೆಯಲ್ಲಿ ಕಂದು ಗೆರೆ ಬಿದ್ದಿರುತ್ತೆ. ಸೀರೆ ಪೂರ್ತಿ ಬಿಡಿಸಿ, ಬೆಳಕಿಗೆ ಹಿಡಿದು ನೋಡಿ. ಚೆನ್ನಾಗಿದೆ ಅಂತಾದರೆ ಒಂದು ಫೋಟೋ. ಏನಾದರೂ ಹಾಳಾಗಿದ್ದರೆ ಅದರದೂ ಫೋಟೋ. ಹಳೆಯ ಲೇಬಲ್ ಹರಿದು ಎಸೆಯಬೇಡಿ. ಆ ಕವರ್ ಅನ್ನೇ ತಿರುಗಿಸಿ ಮತ್ತೆ ಬಳಸಲೂ ಬೇಡಿ, ಹಳೆ ಬಾರ್‌ಕೋಡ್ ಸ್ಕ್ಯಾನ್ ಆಗಿ ಪಾರ್ಸೆಲ್ ಇನ್ನೆಲ್ಲೋ ಹೋಗುತ್ತೆ.

ಹಾಳಾಗಿದ್ದರೆ ಅದು ಕಸ್ಟಮರ್ ತಪ್ಪೂ ಅಲ್ಲ, ನಿಮ್ಮ ತಪ್ಪೂ ಅಲ್ಲ, ಕೊರಿಯರ್‌ನವರನ್ನು ಕೇಳಬೇಕಾದ ವಿಷಯ. ಅದನ್ನು ಈ ವಿಳಾಸದ ಜಗಳದೊಳಗೆ ಸೇರಿಸಬೇಡಿ. ಸಾಧ್ಯವಾದರೆ ಇವತ್ತೇ ಬರಹದಲ್ಲಿ ದೂರು ಕೊಡಿ. ಅವರ ದೂರಿನ ಗಡುವು ಬಹಳ ಚಿಕ್ಕದಿರುತ್ತೆ.

ಈಗ ಪಾರ್ಸೆಲ್ ಬೆಂಗಳೂರಿಗೆ ಯಾಕೆ ಹೋಯಿತು ಅನ್ನೋದು. ವಿಳಾಸದಲ್ಲಿ ತುಮಕೂರು ಅಂತ ದಪ್ಪಕ್ಷರದಲ್ಲಿ ಬರೆದಿದ್ದರೂ ಹೀಗಾಗುತ್ತೆ. ಹಬ್‌ನಲ್ಲಿ ಯಾರೂ ವಿಳಾಸ ಓದಿ ಪಾರ್ಸೆಲ್ ವಿಂಗಡಿಸೋದಿಲ್ಲ. ಬಾರ್‌ಕೋಡ್ ಸ್ಕ್ಯಾನ್ ಆಗುತ್ತೆ, ಅದರ ಹಿಂದೆ ಇರೋದು ಪಿನ್. 560011 ಅಂದರೆ ಬೆಂಗಳೂರಿನ ಜಯನಗರ. ಅಲ್ಲಿನ ಡೆಲಿವರಿ ಹುಡುಗನ ಕೈಗೆ ಬಂದಾಗ ಮೊದಲ ಬಾರಿ ಒಬ್ಬ ಮನುಷ್ಯ ವಿಳಾಸ ಓದುತ್ತಾನೆ. ಅವನಿಗೂ ಜಯನಗರ ಅಂತಲೇ ಕಾಣುತ್ತೆ! ಕ್ರಾಸ್ ನಂಬರ್ ಇದೆ, ದೇವಸ್ಥಾನದ ಹತ್ತಿರ ಅಂತಿದೆ, ಅಂಥ ಕ್ರಾಸು, ಅಂಥ ದೇವಸ್ಥಾನ ಅವನ ಏರಿಯಾದಲ್ಲೂ ಇವೆ. ಒಂದು ಸುತ್ತು ಹುಡುಕುತ್ತಾನೆ, ಫೋನ್ ಮಾಡುತ್ತಾನೆ. ಗೊತ್ತಿಲ್ಲದ ನಂಬರ್ ಅಂತ ಈಗ ಯಾರು ಎತ್ತುತ್ತಾರೆ ಹೇಳಿ. ಸಂಜೆ 'ವಿಳಾಸ ಅಪೂರ್ಣ' ಅಂತ ಆಪ್‌ನಲ್ಲಿ ಒತ್ತಿ ಪಾರ್ಸೆಲ್ ಸೆಂಟರ್‌ನಲ್ಲಿ ಇಡುತ್ತಾನೆ.

ಅವನು ಹಾಗೆ ಒತ್ತಿದ ಕೂಡಲೇ ನಿಮಗೆ ಬಂದದ್ದೇ ಆ ಮೆಸೇಜ್. ಕೊರಿಯರ್ ಭಾಷೆಯಲ್ಲಿ ಅದಕ್ಕೆ ಎನ್‌ಡಿಆರ್ ಅನ್ನುತ್ತಾರೆ, ತಲುಪಿಸೋಕೆ ಆಗಲಿಲ್ಲ ಅನ್ನೋ ವರದಿ. ಸಾಮಾನ್ಯವಾಗಿ ಎರಡು ಮೂರು ಸಲ ಪ್ರಯತ್ನ ಮಾಡುತ್ತಾರೆ, ಆಮೇಲೆ ಆರ್‌ಟಿಒ (ರಿಟರ್ನ್ ಟು ಒರಿಜಿನ್) ಅಂತ ಹಾಕಿ ಕಳಿಸಿದವರಿಗೆ ವಾಪಸ್ ಹೊರಡಿಸುತ್ತಾರೆ. ಒಂದು ಸಲ ಆರ್‌ಟಿಒ ಆಯಿತು ಅಂದರೆ ಹೆಚ್ಚಿನ ಕಂಪನಿಗಳಲ್ಲಿ ಅದನ್ನು ನಿಲ್ಲಿಸೋಕೆ ಬರೋದಿಲ್ಲ, ಕಸ್ಟಮರ್ ಖುದ್ದಾಗಿ ಹೋಗಿ ಕೇಳಿದರೂ ಕೊಡೋದಿಲ್ಲ. ಹಾಗಾಗಿ ನಿಮಗೆ ಸಿಗೋದು ಎರಡು ಮೂರು ದಿನ. ಪಾರ್ಸೆಲ್ ಉಳಿಯುತ್ತೋ ವಾಪಸ್ ಬರುತ್ತೋ ಅನ್ನೋದು ತೀರ್ಮಾನ ಆಗೋದು ಆ ದಿನಗಳಲ್ಲೇ. ಅಷ್ಟರಲ್ಲಿ ನೀವು ಕಸ್ಟಮರ್‌ಗೆ ಫೋನ್ ಮಾಡಿ ಸರಿಯಾದ ಗುರುತು ಕೇಳಿ ಕೊರಿಯರ್‌ಗೆ ತಿಳಿಸಿದರೆ, ಅದೇ ಊರಿನೊಳಗಿನ ತಪ್ಪಾದರೆ, ಅಂದರೆ ಮನೆ ನಂಬರ್ ಬಿಟ್ಟುಹೋಗಿದೆ, ಕ್ರಾಸ್ ತಪ್ಪಿದೆ, ಫೋನ್ ನಂಬರಿನಲ್ಲಿ ಒಂದು ಅಂಕಿ ಹೆಚ್ಚುಕಡಿಮೆ ಆಗಿದೆ ಅನ್ನುವಂಥದ್ದಾದರೆ, ಅಲ್ಲೇ ಸರಿಹೋಗುತ್ತೆ. ಪಿನ್ನೇ ಬೇರೆ ಊರಿನದಾದರೆ ಖಾಸಗಿ ಕೊರಿಯರ್‌ನವರು ಸಾಮಾನ್ಯವಾಗಿ ಒಪ್ಪೋದಿಲ್ಲ. ಆಗಲೂ ಒಂದು ದಾರಿ ಇದೆ. ಕಸ್ಟಮರ್‌ಗೆ ಬೆಂಗಳೂರಿನಲ್ಲಿ ನೆಂಟರೋ ಸ್ನೇಹಿತರೋ ಇದ್ದರೆ ಅವರು ಸೆಂಟರ್‌ಗೆ ಹೋಗಿ ತಗೋಬಹುದಾ ಅಂತ ಕೇಳೋದು. ತುಮಕೂರಿನಿಂದ ದಿನಾ ಬೆಂಗಳೂರಿಗೆ ರೈಲಿನಲ್ಲಿ ಓಡಾಡುವವರು ಎಷ್ಟೊಂದು ಜನ ಇಲ್ಲ, ಕೇಳಿದ್ದರೆ ಯಾರಾದರೂ ಸಿಗುತ್ತಿದ್ದರು.

ಕೊರಿಯರ್ ಅಕೌಂಟ್‌ಗೆ ಕೊಟ್ಟಿರೋ ನಂಬರ್ ನೀವು ದಿನಾ ನೋಡುವ ನಂಬರ್ ಆಗಿರಲಿ. ಬಹಳ ಜನ ಯಜಮಾನರ ನಂಬರೋ, ಮನೆಯಲ್ಲಿ ಬಿದ್ದಿರೋ ಹಳೆ ಫೋನಿನ ನಂಬರೋ ಕೊಟ್ಟಿರುತ್ತಾರೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಟ್ರ್ಯಾಕಿಂಗ್ ನೋಡಿಬಿಡಿ, ಐದು ನಿಮಿಷದ ಕೆಲಸ.

ಈಗ ಕಾನೂನು. 1930ರ ಸರಕು ಮಾರಾಟ ಕಾಯ್ದೆ ಅಂತ ಒಂದಿದೆ, ನಿಮ್ಮ ವಾಟ್ಸಾಪ್ ವ್ಯಾಪಾರಕ್ಕೂ ಅದೇ ಅನ್ವಯ. ಅದರ 39ನೇ ಕಲಮಿನ ಪ್ರಕಾರ, ಕೊಂಡವರು ಕಳಿಸಿಕೊಡಿ ಅಂದ ಮೇಲೆ ಮಾರಿದವರು ಸಾಗಣೆದಾರರ ಕೈಗೆ ಸರಕು ಒಪ್ಪಿಸಿದರೆ, ಮೇಲ್ನೋಟಕ್ಕೆ ಅದು ಕೊಂಡವರಿಗೇ ಒಪ್ಪಿಸಿದ ಹಾಗೆ. ಅದೇ ಕಲಮು ಇನ್ನೊಂದು ಮಾತೂ ಹೇಳುತ್ತೆ: ಸಾಗಣೆಯ ಏರ್ಪಾಡನ್ನು ಮಾರಿದವರು ಸರಿಯಾಗಿ, ಸಂದರ್ಭಕ್ಕೆ ತಕ್ಕ ಎಚ್ಚರದಿಂದ ಮಾಡಿರಬೇಕು. 44ನೇ ಕಲಮು ಬರೋದು ಕೊಂಡವರ ಕಡೆಗೆ. ನೀವು ಕೊಡೋಕೆ ಸಿದ್ಧರಿದ್ದು, ತಗೊಳ್ಳಿ ಅಂತ ಕೇಳಿದ ಮೇಲೂ ಅವರು ತಕ್ಕ ಸಮಯದಲ್ಲಿ ತಗೊಳ್ಳದೇ ಹೋದರೆ, ಅದರಿಂದಾದ ನಷ್ಟ ಮತ್ತು ಇಟ್ಟುಕೊಂಡ ಖರ್ಚು ಅವರದ್ದು. ನಷ್ಟ ಅಂದರೆ ನಿಜವಾಗಿ ಆದ ನಷ್ಟ. ಕೆಲವರು 'ರಿಟರ್ನ್ ಆದರೆ ಶೇಕಡಾ 30 ಕಟ್' ಅಂತ ಪೇಜಿನಲ್ಲಿ ಬರೆದುಕೊಂಡಿರುತ್ತಾರೆ. ಅದು ನಿಲ್ಲೋದಿಲ್ಲ. 1872ರ ಕರಾರು ಕಾಯ್ದೆಯ 74ನೇ ಕಲಮಿನ ಪ್ರಕಾರ ಮೊದಲೇ ಮೊತ್ತ ಬರೆದುಕೊಂಡಿದ್ದರೂ ಸಿಗೋದು ನ್ಯಾಯವಾದ ಪರಿಹಾರ ಅಷ್ಟೇ, ಬರೆದ ಮೊತ್ತ ಅದರ ಮಿತಿ. ದಂಡ ಹಾಕೋಕೆ ನಾವು ಯಾರು.

ಇದರ ಜೊತೆಗೆ 2020ರ ಜುಲೈನಲ್ಲಿ ಬಂದ ಗ್ರಾಹಕ ಸಂರಕ್ಷಣೆಯ ಇ-ಕಾಮರ್ಸ್ ನಿಯಮಗಳಿವೆ. ಮನೆಯಲ್ಲಿದ್ದ ಹಳೆ ಸೀರೆ ಯಾವಾಗಲೋ ಒಂದು ಮಾರಿದವರಿಗೆ ಅದು ಬರೋದಿಲ್ಲ, ಆದರೆ ನಿಮ್ಮ ಹಾಗೆ ವ್ಯಾಪಾರ ಅಂತ ಸತತವಾಗಿ ಮಾಡುವವರು ಅದರ ಆಚೆ ಇರೋಕಾಗೋದಿಲ್ಲ. ಸರಕು ಕೆಟ್ಟಿದ್ದರೆ, ತೋರಿಸಿದ್ದೊಂದು ಕಳಿಸಿದ್ದೊಂದು ಆಗಿದ್ದರೆ, ಹೇಳಿದ ದಿನಕ್ಕಿಂತ ತಡವಾಗಿ ತಲುಪಿದರೆ ವಾಪಸ್ ತಗೊಳ್ಳೋದಿಲ್ಲ, ದುಡ್ಡು ಕೊಡೋದಿಲ್ಲ ಅನ್ನುವ ಹಾಗಿಲ್ಲ. ಕಸ್ಟಮರ್ ತಾವೇ ತಪ್ಪು ವಿಳಾಸ ಕೊಟ್ಟದ್ದು ಆ ಪಟ್ಟಿಯಲ್ಲಿಲ್ಲ. ಆದರೆ ವಾಪಸಾತಿ ಹೇಗೆ, ಅದರ ಕೊರಿಯರ್ ಖರ್ಚು ಯಾರದು ಅನ್ನೋದನ್ನು ಮಾರುವ ಮೊದಲೇ ತಿಳಿಸಿರಬೇಕು ಅಂತ ಆ ನಿಯಮ ಹೇಳುತ್ತೆ. ನೀವು ಎಲ್ಲೂ ಬರೆದಿಲ್ಲ ಅಂದುಕೊಳ್ಳುತ್ತೇನೆ, ಮನೆ ವ್ಯಾಪಾರದಲ್ಲಿ ಬಹಳ ಜನ ಬರೆಯೋದಿಲ್ಲ. ಇವತ್ತೇ ಎರಡು ಸಾಲು ಬರೆದು ವಾಟ್ಸಾಪ್ ಕ್ಯಾಟಲಾಗ್‌ನಲ್ಲಿ, ಇನ್‌ಸ್ಟಾ ಹೈಲೈಟ್‌ನಲ್ಲಿ ಹಾಕಿಬಿಡಿ: 'ನೀವು ಕೊಟ್ಟ ವಿಳಾಸ ತಪ್ಪಾಗಿ ಪಾರ್ಸೆಲ್ ವಾಪಸ್ ಬಂದರೆ ಹೋಗಿ ಬಂದ ಕೊರಿಯರ್ ಖರ್ಚು, ಹೇಳಿ ಮಾಡಿಸಿದ ಕೆಲಸದ ಖರ್ಚು ಮುರಿದುಕೊಂಡು ಉಳಿದದ್ದು ಕೊಡುತ್ತೇವೆ. ನಮ್ಮ ತಪ್ಪಾದರೆ ಎಲ್ಲಾ ಖರ್ಚು ನಮ್ಮದು.' ಎರಡನೇ ಸಾಲು ಬಿಡಬೇಡಿ. ಅದಿದ್ದರೇ ಮೊದಲ ಸಾಲಿಗೆ ಬೆಲೆ.

ಹಾಗಾದರೆ ನಿಮ್ಮ ಲೆಕ್ಕಕ್ಕೆ ಬರೋಣ. ವಾಪಸ್ ಬಂದ 110 ನೀವೇ ಹಾಕಿಕೊಳ್ಳಿ ಅಂದದ್ದು ಇದಕ್ಕೆ. ತುಮಕೂರು ನಗರ ಅಂದರೆ ಪಿನ್ 572ರಿಂದ ಶುರುವಾಗಬೇಕು. 560 ಅಂದರೆ ಬೆಂಗಳೂರು. ಕೊಂಡವರು ವರ್ಷಕ್ಕೆ ನಾಲ್ಕು ಸಲ ವಿಳಾಸ ಟೈಪ್ ಮಾಡುತ್ತಾರೆ, ನೀವು ದಿನಾ ಮಾಡುತ್ತೀರಿ. ಲೇಬಲ್ ಮಾಡುವಾಗ ಪಿನ್ ಹಾಕಿದ ಕೂಡಲೇ ಸಾಮಾನ್ಯವಾಗಿ ಊರಿನ ಹೆಸರು ತಾನಾಗಿ ಬರುತ್ತೆ, ಅಲ್ಲಿ ಬೆಂಗಳೂರು ಅಂತ ಬಂದಿರಲೇಬೇಕು. ಅಲ್ಲೊಮ್ಮೆ ಗಮನಿಸಬಹುದಿತ್ತು, ಆಮೇಲೆ ಬಂದ ಮೆಸೇಜ್ ನೋಡಿದ್ದರೆ ಇನ್ನೊಮ್ಮೆ ಹಿಡಿಯಬಹುದಿತ್ತು. ಕಾನೂನು ನಿಮ್ಮ ಕಡೆಗೇ ಹೆಚ್ಚು ವಾಲುತ್ತೆ, ಆದರೂ ವ್ಯಾಪಾರ ಮಾಡುವವರ ಮೇಲೆ ಎಚ್ಚರದ ಭಾರ ಸ್ವಲ್ಪ ಜಾಸ್ತಿಯೇ ಇರಬೇಕು ಅನ್ನೋದು ನನ್ನ ಅಭಿಪ್ರಾಯ.

ಅವರಿಗೆ ಸೀರೆ ಬೇಕು ಅಂದರೆ ಸುಲಭ. ಹೊಸ ಕೊರಿಯರ್ 120 ಅವರು ಹಾಕಲಿ, ವಾಪಸ್ ಬಂದ 110 ನಿಮ್ಮದು, ಸರಿಯಾದ ಪಿನ್ ತಗೊಂಡು ಮಾರನೇ ದಿನ ಕಳಿಸಿ. ಕಳಿಸುವ ಮೊದಲು ಸೀರೆ ಬೇರೆ ಮಡಿಕೆ ಹಾಕಿ, ಕುಚ್ಚು ಬಿಡಿಸಿ ತೆಳು ಕಾಗದ ಸುತ್ತಿ. ಬೇಡ ಅಂದರೆ 3,670ರಲ್ಲಿ ಹೋಗುವಾಗಿನ 120 ಮುರಿದುಕೊಳ್ಳಿ. ಕುಚ್ಚಿನ 350ರದು ಸ್ವಲ್ಪ ಯೋಚಿಸಬೇಕಾದ ವಿಷಯ. ಆ ಸೀರೆಗೆ ಯಾರಾದರೂ ಹಾಕಿಸುವಂಥದ್ದೇ ಬಣ್ಣ, ಕುಚ್ಚಿನ ಸಮೇತ 3,550ಕ್ಕೆ ಇನ್ನೊಬ್ಬರಿಗೆ ಮಾರಬಹುದು ಅನಿಸಿದರೆ ಮುರಿದುಕೊಳ್ಳಬೇಡಿ, ಯಾಕೆಂದರೆ ನಿಮಗೆ ನಷ್ಟವೇ ಆಗಿಲ್ಲ. ಅವರ ಬ್ಲೌಸಿಗೆ ಹೊಂದೋ ಹಾಗೆ ಅವರೇ ಹೇಳಿ ಮಾಡಿಸಿಕೊಂಡ ಬಣ್ಣ, ಬೇರೆಯವರಿಗೆ ಮಾರಬೇಕಾದರೆ ಬಿಚ್ಚಿ ಹೊಸದು ಹಾಕಿಸಬೇಕು ಅಂತಾದರೆ ಮುರಿದುಕೊಳ್ಳಿ. ಕುಚ್ಚು ಕಟ್ಟಿದವರಿಗೆ ನೀವಂತೂ ಕೂಲಿ ಕೊಟ್ಟಾಗಿದೆಯಲ್ವಾ. ಆಗ ಅವರಿಗೆ ಹೋಗಬೇಕಾದ್ದು 3,200.

ಫೋನಿನಲ್ಲಿ ವಾದ ಮಾಡೋದು ನಿಲ್ಲಿಸಿ, ಇಷ್ಟನ್ನು ಬರೆದು ಕಳಿಸಿ (ಕುಚ್ಚಿನದು ಮುರಿದುಕೊಳ್ಳೋದಿಲ್ಲ ಅಂತಾದರೆ ಆ 350ರ ಮಾತು ತೆಗೆದು 3,550 ಅಂತ ಬರೆಯಿರಿ):

'ನಮಸ್ತೆ ಮೇಡಂ. ಪಾರ್ಸೆಲ್ ವಾಪಸ್ ಬಂದಿದೆ, ಸೀರೆ ಚೆನ್ನಾಗಿದೆ, ಫೋಟೋ ಹಾಕಿದ್ದೇನೆ. ನೀವು ಕಳಿಸಿದ ವಿಳಾಸದಲ್ಲಿ ಪಿನ್ 560011 ಇತ್ತು, ಅದು ಬೆಂಗಳೂರಿನದು, ಹಾಗಾಗಿ ಅಲ್ಲಿಗೆ ಹೋಗಿದೆ. ಸರಿಯಾದ ಪಿನ್ ಕಳಿಸಿದರೆ ನಾಳೆಯೇ ಕಳಿಸುತ್ತೇನೆ. ಈ ಸಲದ ಕೊರಿಯರ್ 120 ಮಾತ್ರ ನಿಮ್ಮದು, ವಾಪಸ್ ಬಂದ 110 ನಾನು ಹಾಕಿಕೊಳ್ಳುತ್ತೇನೆ. ಸೀರೆ ಬೇಡ ಅಂದರೆ ಹೋಗುವಾಗಿನ ಕೊರಿಯರ್ 120, ಕುಚ್ಚಿನ 350 ಬಿಟ್ಟು 3,200 ರೂಪಾಯಿ ಇವತ್ತೇ ವಾಪಸ್ ಹಾಕುತ್ತೇನೆ. ಯಾವುದು ಅಂತ ತಿಳಿಸಿ.'

ಇದರ ಜೊತೆಗೆ ಅವರ ವಿಳಾಸದ ಮೆಸೇಜಿನ ಸ್ಕ್ರೀನ್‌ಶಾಟ್, ಲೇಬಲ್ ಫೋಟೋ, ಕೊರಿಯರ್ ಖರ್ಚಿನ ರಸೀದಿ. ಲೇಬಲ್ ಮತ್ತು ಮೆಸೇಜ್ ಎರಡನ್ನೂ ಪಕ್ಕಪಕ್ಕ ಇಟ್ಟರೆ ತಪ್ಪು ಎಲ್ಲಾಯಿತು ಅಂತ ಯಾರಿಗಾದರೂ ಕಾಣುತ್ತೆ. ಅವರು ಸರಿಯಾಗಿ ಕೊಟ್ಟು ನೀವು ಲೇಬಲ್‌ನಲ್ಲಿ ತಪ್ಪಿಸಿದ್ದಿದ್ದರೆ ಈ ಉತ್ತರ ಪೂರ್ತಿ ತಿರುಗಾಮುರುಗಾ ಆಗುತ್ತಿತ್ತು, ಎಲ್ಲಾ ಖರ್ಚು ನಿಮ್ಮದೇ. ದುಡ್ಡು ವಾಪಸ್ ಹಾಕುವಾಗ ಯಾವ ಅಕೌಂಟ್‌ನಿಂದ ಬಂದಿತ್ತೋ ಅದಕ್ಕೇ ಹಾಕಿ. ಬೇರೆ ನಂಬರ್‌ಗೆ ಹಾಕಿ ಅಂದರೆ ಮೊದಲು ಫೋನ್ ಮಾಡಿ ಅವರೇನಾ ಅಂತ ಖಾತ್ರಿ ಮಾಡಿಕೊಳ್ಳಿ. ಮತ್ತೆ ದಯವಿಟ್ಟು ಅವರ ಹೆಸರು, ನಂಬರ್ ಇರೋ ಲೇಬಲ್ ಫೋಟೋ ತೆಗೆದು ಸ್ಟೇಟಸ್‌ನಲ್ಲೋ ಮಾರಾಟಗಾರರ ಗ್ರೂಪಿನಲ್ಲೋ 'ಇವರ ಹತ್ತಿರ ಹುಷಾರು' ಅಂತ ಹಾಕಬೇಡಿ. ಒಂದು ಹೆಣ್ಣುಮಗಳ ಮನೆ ವಿಳಾಸ ಅದು. ಎಷ್ಟು ಸಿಟ್ಟು ಬಂದಿದ್ದರೂ ಅದು ತಪ್ಪು.

ಮುಂದೆ ಹೀಗಾಗದಿರೋಕೆ ಏನು ಮಾಡಬೇಕು ಅಂತ ಕೇಳಿದ್ದೀರಿ. ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು, ನಮ್ಮ ಈ ಮೂರು ಜಿಲ್ಲೆಗಳಲ್ಲಿ ಪಿನ್ ಸ್ವಲ್ಪ ಗೋಜಲು, ಅದನ್ನು ತಿಳಿದುಕೊಂಡರೆ ಅರ್ಧ ತಪ್ಪು ಲೇಬಲ್ ಹಂತದಲ್ಲೇ ಸಿಕ್ಕಿಬೀಳುತ್ತೆ. ಪಿನ್ ಪದ್ಧತಿ ಶುರುವಾದದ್ದು 1972ರ ಆಗಸ್ಟ್ 15ಕ್ಕೆ, ಅಂಚೆ ವಿಂಗಡಣೆಯ ಅನುಕೂಲಕ್ಕೆ. ಜಿಲ್ಲೆಯ ಗಡಿ ನೋಡಿ ಮಾಡಿದ್ದಲ್ಲ. ಹಾಗಾಗಿ ಒಂದೇ ಜಿಲ್ಲೆಯಲ್ಲಿ ಬೇರೆ ಬೇರೆ ಸರಣಿ ಬರುತ್ತವೆ. ನಿಮ್ಮ ಜಿಲ್ಲೆಯನ್ನೇ ನೋಡಿ: ಚಿಕ್ಕಬಳ್ಳಾಪುರ 562101, ನಿಮ್ಮ ಶಿಡ್ಲಘಟ್ಟ 562105, ಆದರೆ ಚಿಂತಾಮಣಿ 563125, ಗೌರಿಬಿದನೂರು 561208, ಬಾಗೇಪಲ್ಲಿ 561207. ಒಂದು ಜಿಲ್ಲೆ, ಮೂರು ಸರಣಿ. ಚಿಂತಾಮಣಿಯ 563 ಕೋಲಾರದ ಸರಣಿ, ಕೋಲಾರ 563101. 2007ರಲ್ಲಿ ಜಿಲ್ಲೆ ಬೇರೆಯಾದರೂ ಪಿನ್ ಬದಲಾಗಲಿಲ್ಲ, ಚಿಂತಾಮಣಿಯವರು ಕೆಲವರು ಇನ್ನೂ 'ಕೋಲಾರ ಜಿಲ್ಲೆ' ಅಂತ ಬರೆದರೂ ಪಿನ್ ಸರಿಯಿದ್ದರೆ ಪಾರ್ಸೆಲ್ ತಲುಪುತ್ತೆ. ತುಮಕೂರು ಜಿಲ್ಲೆಯಲ್ಲಿ ತುಮಕೂರು 572101, ತಿಪಟೂರು 572201, ಮಧುಗಿರಿ 572132, ಶಿರಾ 572137, ಹೀಗೆ 572ರಲ್ಲೇ ಹೋಗುತ್ತೆ, ಆದರೆ ಪಾವಗಡ 561202. 'ತುಮಕೂರು ಜಿಲ್ಲೆ ಅಂದಮೇಲೆ 572 ಇರಬೇಕು' ಅಂತ ಪಾವಗಡದವರ ಪಿನ್ ತಿದ್ದಿಬಿಟ್ಟರೆ ಸರಿಯಿದ್ದದ್ದನ್ನೇ ನೀವು ಕೆಡಿಸಿದ ಹಾಗೆ. ಅದಕ್ಕೇ ಅನುಮಾನ ಬಂದರೆ ಸುಮ್ನೆ ತಿದ್ದಬೇಡಿ, ಕೇಳಿ. ಅಂಚೆ ಇಲಾಖೆಯ ವೆಬ್‌ಸೈಟಿನಲ್ಲಿ ಪಿನ್ ಹಾಕಿ ಊರು ನೋಡಬಹುದು, ಊರು ಹಾಕಿ ಪಿನ್ನೂ ನೋಡಬಹುದು.

ಊರಿನ ಹೆಸರುಗಳೂ ಹೀಗೇ ಮೋಸ ಮಾಡುತ್ತವೆ. ಜಯನಗರ, ಗಾಂಧಿನಗರ, ವಿದ್ಯಾನಗರ ತುಮಕೂರಿನಲ್ಲೂ ಇವೆ, ಬೆಂಗಳೂರಿನಲ್ಲೂ ಇವೆ. 'ಬಿ.ಎಚ್. ರಸ್ತೆ' ಅಂತ ಬರೆದರೆ ತುಮಕೂರಿನದಾ, ತಿಪಟೂರಿನದಾ, ಭದ್ರಾವತಿಯದಾ, ಶಿವಮೊಗ್ಗದ್ದಾ? ಬೆಂಗಳೂರಿನಿಂದ ಹೊನ್ನಾವರಕ್ಕೆ ಹೋಗೋ ಆ ರಸ್ತೆಗೆ ದಾರಿಯ ಎಷ್ಟೋ ಊರಿನಲ್ಲಿ ಅದೇ ಹೆಸರು. ಹಳ್ಳಿಗಳಿಗೆ ಬಂದರೆ ಇನ್ನೂ ಕಷ್ಟ. ಹೊಸಹಳ್ಳಿ, ಗೊಲ್ಲರಹಟ್ಟಿ ಅನ್ನೋ ಹೆಸರು ತುಮಕೂರು ಜಿಲ್ಲೆಯೊಂದರಲ್ಲೇ ಎಷ್ಟೋ ಕಡೆ ಇದೆ. ಹಳ್ಳಿ ವಿಳಾಸಕ್ಕೆ ಅಂಚೆ, ಹೋಬಳಿ, ತಾಲ್ಲೂಕು ಮೂರೂ ಕೇಳಲೇಬೇಕು. ಕೆಜಿಎಫ್ ಅಂತ ಬರೆದರೂ ಸಾಲದು, ರಾಬರ್ಟ್‌ಸನ್‌ಪೇಟೆ 563122, ಬೆಮೆಲ್ ನಗರ 563115, ಪಿನ್ ಬೇರೆ ಬೇರೆ.

ಆರ್ಡರ್ ಬಂದಾಗ 'ವಿಳಾಸ ಕಳಿಸಿ' ಅಂತ ಕೇಳಿದರೆ ಜನ ತಮಗೆ ತೋಚಿದ ಹಾಗೆ ಒಂದೂವರೆ ಸಾಲು ಕಳಿಸುತ್ತಾರೆ. ಅದರ ಬದಲು ಖಾಲಿ ಜಾಗ ಬಿಟ್ಟ ಮೆಸೇಜ್ ಒಂದು ತಯಾರಿಟ್ಟುಕೊಂಡು ಅದನ್ನೇ ಕಳಿಸಿ. ಹೆಸರು, ಮನೆ ನಂಬರ್, ಕ್ರಾಸ್ ಅಥವಾ ಬೀದಿ, ಹತ್ತಿರದ ಗುರುತು, ಬಡಾವಣೆ ಅಥವಾ ಹಳ್ಳಿ, ಅಂಚೆ, ತಾಲ್ಲೂಕು, ಜಿಲ್ಲೆ, ಪಿನ್, ಎರಡು ಫೋನ್ ನಂಬರ್. ಎರಡನೇ ನಂಬರ್ ಮನೆಯಲ್ಲಿ ಇರುವವರದ್ದಾಗಿರಲಿ. ಅವರು ತುಂಬಿ ಕಳಿಸಿದ ಮೇಲೆ ನೀವು ಲೇಬಲ್‌ಗೆ ಹಾಕಿದ್ದನ್ನು ಅವರಿಗೆ ಮತ್ತೆ ಕಳಿಸಿ, 'ಈ ವಿಳಾಸಕ್ಕೆ, ಈ ಪಿನ್‌ಗೆ ಹೊರಡುತ್ತೆ, ಸರಿ ಇದೆಯಾ?' ಅಂತ ಕೇಳಿ. 'ಸರಿ' ಅಂತ ಬರೋವರೆಗೂ ಪಾರ್ಸೆಲ್ ಮನೆ ದಾಟಬಾರದು. ನಾನು ಲೆಕ್ಕ ನೋಡುವ ಮನೆಗಳಲ್ಲಿ ಬೇರೇನೂ ಬದಲಿಸದೆ ಇದೊಂದನ್ನು ಶುರು ಮಾಡಿಸುತ್ತೇನೆ. ಪಾರ್ಸೆಲ್ ಹೊರಟ ದಿನ ಟ್ರ್ಯಾಕಿಂಗ್ ನಂಬರ್ ಜೊತೆಗೆ 'ಎರಡು ಮೂರು ದಿನ ಗೊತ್ತಿಲ್ಲದ ನಂಬರ್‌ನಿಂದ ಫೋನ್ ಬಂದರೂ ಎತ್ತಿ, ಕೊರಿಯರ್‌ನವರಿರಬಹುದು' ಅಂತ ಒಂದು ಸಾಲು ಹಾಕಿ.

ಗುರುತೇ ಸಿಗದಂಥ ತೋಟದ ಮನೆ, ಹೊಸ ಲೇಔಟ್‌ಗಳಿಗೆ ವಾಟ್ಸಾಪ್ ಲೊಕೇಶನ್ ಕೇಳಿಟ್ಟುಕೊಳ್ಳಿ. ಅಂಚೆ ಇಲಾಖೆ 2025ರಲ್ಲಿ ಡಿಜಿಪಿನ್ ಅಂತಲೂ ತಂದಿದೆ. ದೇಶವನ್ನೆಲ್ಲಾ ಸುಮಾರು 4 ಮೀಟರ್‌ಗೆ 4 ಮೀಟರ್ ಚೌಕ ಮಾಡಿ ಪ್ರತಿಯೊಂದಕ್ಕೂ ಹತ್ತು ಅಕ್ಷರ ಅಂಕಿಗಳ ಕೋಡ್ ಕೊಟ್ಟಿದ್ದಾರೆ. ಅದನ್ನು ಹಾಕಿದರೂ ಪಿನ್ ಬಿಡೋಕಾಗೋದಿಲ್ಲ, ಜೊತೆಗಿರಲಿ.

ಪೋಸ್ಟ್‌ನಲ್ಲಿ ಕಳಿಸೋದು ಒಳ್ಳೆಯದಾ ಅಂತ ಬಹಳ ಜನ ಕೇಳುತ್ತಾರೆ. ಹಳ್ಳಿ ವಿಳಾಸಕ್ಕೆ ನಾನು ಸ್ಪೀಡ್ ಪೋಸ್ಟ್ ಅಂತಲೇ ಹೇಳೋದು. ಅಂಚೆಯಣ್ಣನಿಗೆ ಮನೆಮನೆ ಗೊತ್ತು. ಪಿನ್ ತಪ್ಪಿ ಬೇರೆ ಕಡೆ ಹೋದರೂ ಊರಿನ ಹೆಸರು ಓದಿ, ತಪ್ಪಿ ಬಂದಿದೆ ಅಂತ ಗುರುತು ಹಾಕಿ ಸರಿಯಾದ ಕಚೇರಿಗೆ ಕಳಿಸುವ ಪದ್ಧತಿ ಅಲ್ಲಿದೆ. ಬಾಗಿಲು ಹಾಕಿದ್ದರೆ ಚೀಟಿ ಬಿಟ್ಟು ಏಳು ದಿನ ಇಟ್ಟುಕೊಳ್ಳುತ್ತಾರೆ. ದಾರಿಯಲ್ಲಿರುವಾಗ ವಿಳಾಸ ಬದಲಿಸಬೇಕು ಅಂದರೆ ಬುಕ್ ಮಾಡಿದ ಕಚೇರಿಗೆ ರಸೀದಿ ತಗೊಂಡು ಹೋಗಿ ಬರಹದಲ್ಲಿ ಕೇಳಿ. ಒಂದು ಎಚ್ಚರ: ಸ್ಪೀಡ್ ಪೋಸ್ಟ್ ಕಳೆದರೆ ಸಾಮಾನ್ಯ ಪರಿಹಾರ ಕಟ್ಟಿದ ಚಾರ್ಜಿನ ಎರಡರಷ್ಟು ಅಥವಾ 1,000 ರೂಪಾಯಿ, ಯಾವುದು ಕಡಿಮೆಯೋ ಅದು. 3,200ರ ಸೀರೆಗೆ ಅದು ಎಲ್ಲಿ ಸಾಲುತ್ತೆ. ಬೆಲೆಬಾಳೋದನ್ನು ಇನ್ಶೂರ್ ಮಾಡಿಸಿ. ಕಳಿಸುವವರ ವಿಳಾಸ ಹಾಕೋದನ್ನಂತೂ ಮರೆಯಲೇಬೇಡಿ, ಅದಿಲ್ಲದ ಪಾರ್ಸೆಲ್ ವಾಪಸ್ ಬರೋಕೆ ದಾರಿಯೇ ಇರೋದಿಲ್ಲ.

ಕ್ಯಾಶ್ ಆನ್ ಡೆಲಿವರಿ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅಲ್ಲಿ ದುಡ್ಡು ನಿಮ್ಮ ಕೈಯಲ್ಲಿ ಇರೋದೇ ಇಲ್ಲ, ಮುರಿದುಕೊಳ್ಳೋ ಪ್ರಶ್ನೆಯೂ ಇಲ್ಲ, ಹೋಗಿ ಬಂದ ಎರಡೂ ಖರ್ಚು ನಿಮ್ಮ ಕೈಯಿಂದಲೇ. ಅದಕ್ಕೇ ಹೋಗಿ ಬರೋ ಕೊರಿಯರ್ ಖರ್ಚಿನಷ್ಟನ್ನು ಮುಂಗಡ ಯುಪಿಐನಲ್ಲಿ ಹಾಕಿಸಿಕೊಳ್ಳಿ. ಹೇಳಿ ಮಾಡಿಸುವ ಕುಚ್ಚು, ಬ್ಲೌಸ್ ಹೊಲಿಗೆ ಇರೋ ಆರ್ಡರ್‌ಗೆ ಕ್ಯಾಶ್ ಆನ್ ಡೆಲಿವರಿ ಇಡಲೇಬೇಡಿ. ಒಂದು ಸಲ ವಾಪಸ್ ಬಂದದ್ದನ್ನು 'ಈ ಸಲ ಖಂಡಿತ ತಗೋತೀನಿ' ಅಂದರೂ ಪೂರ್ತಿ ದುಡ್ಡು ಬಂದ ಮೇಲೆಯೇ ಕಳಿಸಿ.

ಚಟ್ನಿಪುಡಿ, ಕೊಬ್ಬರಿ ಮಿಠಾಯಿ ಕಳಿಸುವವರೂ ಇದನ್ನು ಓದುತ್ತಿರಬಹುದು. ವಾಪಸ್ ಬಂದ ತಿನ್ನೋ ಪದಾರ್ಥವನ್ನು ದಿನಾಂಕ ನೋಡದೇ ಮತ್ತೆ ಕಳಿಸಬೇಡಿ. ಆನ್‌ಲೈನ್‌ನಲ್ಲಿ ಮಾರುವ ಆಹಾರ ಗ್ರಾಹಕರ ಕೈಸೇರುವಾಗ ಬಾಳಿಕೆಯ ಅವಧಿಯಲ್ಲಿ ಶೇಕಡಾ 30ರಷ್ಟಾದರೂ ಅಥವಾ 45 ದಿನವಾದರೂ ಉಳಿದಿರಬೇಕು ಅಂತ ಆಹಾರ ಸುರಕ್ಷತಾ ಪ್ರಾಧಿಕಾರ ಹೇಳಿದೆ. ಮೂರು ವಾರ ಸೆಕೆಯಲ್ಲಿ ಓಡಾಡಿ ಬಂದ ಕೊಬ್ಬರಿ ಮಿಠಾಯಿಯನ್ನು ನನ್ನ ಮನೆಯವರಿಗೆ ಕೊಡೋದಿಲ್ಲ, ಕಸ್ಟಮರ್‌ಗೆ ಹೇಗೆ ಕಳಿಸಲಿ. ಅದನ್ನು ನಷ್ಟ ಅಂತಲೇ ಬರೆದುಕೊಳ್ಳಿ. ಜಿಎಸ್‌ಟಿ ಇರುವವರು ದುಡ್ಡು ವಾಪಸ್ ಕೊಟ್ಟ ಕೂಡಲೇ ಕ್ರೆಡಿಟ್ ನೋಟ್ ಮಾಡಿಬಿಡಿ. ಮಾರಾಟ ಆದ ಆರ್ಥಿಕ ವರ್ಷ ಮುಗಿದ ಮೇಲೆ ಬರುವ ನವೆಂಬರ್ 30ರವರೆಗೆ ತೋರಿಸೋಕೆ ಅವಕಾಶ ಇದೆ, ಅಥವಾ ಆ ವರ್ಷದ ವಾರ್ಷಿಕ ರಿಟರ್ನ್ ಮೊದಲೇ ಹಾಕಿದರೆ ಅಲ್ಲಿಯವರೆಗೆ.

ಕೊನೆಗೆ ಕನ್ಸ್ಯೂಮರ್ ಕೋರ್ಟ್ ಮಾತು. ಹೆದರಬೇಡಿ, ಹಾಗಂತ ಕಡೆಗಣಿಸಲೂ ಬೇಡಿ. ದೂರು ಕೊಡೋದು ಅವರ ಹಕ್ಕು. ಸಾಮಾನ್ಯವಾಗಿ ಮೊದಲು 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಹೋಗುತ್ತಾರೆ, ಅಲ್ಲಿಂದ ನಿಮ್ಮ ಉತ್ತರ ಕೇಳಬಹುದು. ದೂರು ಬಂದರೆ 48 ಗಂಟೆಯೊಳಗೆ ಸಿಕ್ಕಿದೆ ಅಂತ ತಿಳಿಸಬೇಕು, ಒಂದು ತಿಂಗಳೊಳಗೆ ಇತ್ಯರ್ಥ ಮಾಡಬೇಕು ಅನ್ನೋದು ಇ-ಕಾಮರ್ಸ್ ನಿಯಮದಲ್ಲೇ ಇದೆ. ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗೋಕೆ ಅವರಿಗೆ ಎರಡು ವರ್ಷ ಅವಕಾಶ, ಮತ್ತು ಅವರು ಇರೋ ಊರಿನಲ್ಲೇ, ಅಂದರೆ ತುಮಕೂರಿನಲ್ಲೇ ಹಾಕಬಹುದು, ನೀವು ಶಿಡ್ಲಘಟ್ಟದಿಂದ ಓಡಾಡಬೇಕಾಗುತ್ತೆ. ಅದಕ್ಕೇ ಆ ಮೆಸೇಜ್ ಇವತ್ತೇ ಕಳಿಸಿ ಅಂದದ್ದು. ಎರಡು ದಾರಿ ಕೊಟ್ಟಿದ್ದೀರಿ, ಲೆಕ್ಕ ಕೊಟ್ಟಿದ್ದೀರಿ, ರಸೀದಿ ತೋರಿಸಿದ್ದೀರಿ ಅನ್ನೋದು ಬರಹದಲ್ಲಿ ಇರಲಿ. ಅವರು ಎರಡಕ್ಕೂ ಒಪ್ಪದೇ ಇದ್ದರೆ ಕಾಯುತ್ತಾ ಕೂರಬೇಡಿ, ತಕರಾರಿಲ್ಲದ 3,200ನ್ನು ಅವರ ಅಕೌಂಟ್‌ಗೆ ಹಾಕಿ 'ಉಳಿದ 470ರ ಬಗ್ಗೆ ಮಾತಾಡೋಣ' ಅಂತ ಬರೆಯಿರಿ. ಆಮೇಲೆ ಸೀರೆ ನಿಮ್ಮದು, ಇನ್ನೊಬ್ಬರಿಗೆ ಮಾರಿ.